ಕರೆಂಟ್ ಹೋಗಲೆಂದು ಕಾದದ್ದು

ಮಲಗುವ ಕೋಣೆಯ ಬಾಗಿಲಿನ ಬೀಗ ಕೆಟ್ಟಿತ್ತು. “ಕೀಲಿ ರಿಪೇರಿ ಮಾಡಾವನ್ನ ಕರಸ್ರಿ” ಎಂದು ಹೇಳಿ ಹೆಂಡತಿ ಹಿತ್ತಲ ಶೆಡ್ಡಿಗೆ, ಮಗ್ಗದ ಕೆಲಸಕ್ಕೆ ಹೋದಳು. ಬನಹಟ್ಟಿಯಲ್ಲಿ ಇಷ್ಟು ವರ್ಷ ಪವರ್‌ಲೂಮ್ ಬಿಚ್ಚಿ ಜೋಡಿಸಿದವನಿಗೆ ಹೇಳುವ ಮಾತೇ ಅದು?

ಬೀಗ ಬಿಚ್ಚಿದೆ. ಒಳಗೆ ನೂಲಿನ ಧೂಳು ಮೆತ್ತಿಕೊಂಡಿತ್ತು. ಒರೆಸಿ, ಮಗ್ಗದ ಎಣ್ಣೆ ಬಿಟ್ಟು ಮತ್ತೆ ಕೂರಿಸಿದೆ. ಒಳಗಿನ ಹಿಡಿಕೆ ಹಾಕುವ ಮೊದಲು ಒಮ್ಮೆ ನೋಡೋಣವೆಂದು ಕೋಣೆಯೊಳಗೆ ನಿಂತು ಬಾಗಿಲು ಹಾಕಿದೆ. ಬೀಗ ಟಕ್ಕೆಂದು ಬಿತ್ತು, ಹೊಸದರಂತೆ. ಹಿಡಿಕೆ, ಸ್ಕ್ರೂಡ್ರೈವರ್, ಮೊಬೈಲ್ ಎಲ್ಲ ಹೊರಗಿದ್ದವು.

ಕೂಗಿದೆ. ನಮ್ಮ ಮಗ್ಗಗಳ ಜೊತೆ ಇಡೀ ಓಣಿಯ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಆ ಸದ್ದಿನಲ್ಲಿ ಮದುವೆಯ ಬ್ಯಾಂಡೂ ಕೇಳುವುದಿಲ್ಲ. ಕರೆಂಟ್ ಹೋಯಿತೆಂದು ದಿನಾ ಬೈಯುವ ನಾನು ಮಂಚದ ಮೇಲೆ ಕೂತು, ಅದು ಹೋಗಲೆಂದು ಕಾದೆ. ಹಾಳಾದ್ದು, ಅಂದೇ ಹೋಗಲೊಲ್ಲದು.

ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಗಂಟಲು ಹರಿಯುವಂತೆ ಕೂಗಿದೆ. ಬಾಗಿಲಾಚೆ ಹೆಂಡತಿಯ ದನಿ ಕೇಳಿಸಿತು.

“ಕೀಲಿ ರಿಪೇರಿ ಆತೇನ್ರಿ?”

ಓಣಿಯೆಲ್ಲ ಕಿವಿಗೊಟ್ಟಿತ್ತು.

“ಆತು” ಎಂದೆ, ಒಳಗಿನಿಂದಲೇ.