ಎಳನೀರಮ್ಮನ ಮಗಳ ತೆಲುಗು ಹಾಡು

"ಆ ದನಿ ನನ್ ಮಗಳ್ದು ಕಣವ್ವಾ!"

ಶ್ರವಣಬೆಳಗೊಳದ ಬೆಟ್ಟದ ಬುಡದಲ್ಲಿ ಎಳನೀರು ಕೊಚ್ಚುತ್ತಿದ್ದ ಹೆಂಗಸು ಮಚ್ಚು ಕೆಳಗಿಟ್ಟು ಹೀಗೆಂದಾಗ ನಾನೂ ಬೆರಗಾಗಿ ನೋಡಿದೆ. ಆಂಧ್ರದಿಂದ ಬಂದಿದ್ದ ಯಾತ್ರಿಕರ ಮೊಬೈಲಿನಲ್ಲಿ ಹೊಸ ತೆಲುಗು ಸಿನಿಮಾ ಹಾಡೊಂದು ಬರುತ್ತಿತ್ತು. ಅವರಲ್ಲಿ ಕನ್ನಡ ಬಲ್ಲ ಅಜ್ಜಿಯೊಬ್ಬರು ನಂಬದೆ ನಕ್ಕು, "ಇಷ್ಟು ಚೆಂದದ ತೆಲುಗು ನಿಮ್ಮ ಮಗಳಿಗೆ ಹೇಗಮ್ಮ ಬರುತ್ತೆ?" ಎಂದರು.

ಆಕೆ ಸಿಟ್ಟಾಗಲಿಲ್ಲ. ಸಿನಿಮಾಗೆ ಹಾಡುವ ಮಗಳು ತೆಲುಗು ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಮನೆಯಲ್ಲಿ ಅಭ್ಯಾಸ ಮಾಡುತ್ತಾಳೆ, ಅದನ್ನು ಕೇಳಿ ನಾನೂ ಕಲಿತೆ ಎಂದು ಹೇಳಿ, ಇಡೀ ಚರಣವನ್ನು ಒಂದಕ್ಷರ ತಪ್ಪದೆ ಹಾಡಿದರು. ಅದೇ ದನಿ! ಅಜ್ಜಿ ಆಕೆಯ ಒದ್ದೆ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು.

ನನಗೂ ಅವರಿಗೂ ಯಾವ ನಂಟೂ ಇಲ್ಲ. ಆದರೂ ಹಾಸನದ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಆ ಹಾಡು ಕೇಳಿಸಿ, "ನಮ್ಮ ಕಡೆ ಹುಡುಗಿ" ಎಂದು ಹೇಳಿಕೊಂಡೇ ಬಂದೆ.