ಕೆಂಪು ಕ್ಯಾಪ್ಸೂಲು ಮತ್ತು ನಾನು ಗೆದ್ದ ವಾದ

2013ರಲ್ಲಿ ನಾನು ಶಹಾಪುರ, ಸುರಪುರ ಭಾಗಕ್ಕೆ ಕ್ಷಯರೋಗ ಚಿಕಿತ್ಸಾ ಮೇಲ್ವಿಚಾರಕನಾಗಿದ್ದೆ. ಹುದ್ದೆಯ ಹೆಸರು ಉದ್ದವಾದರೂ ಕೆಲಸ ಸರಳ. ಯಾದಗಿರಿಯಿಂದ ಬಂದ ಔಷಧದ ಪೆಟ್ಟಿಗೆಗಳು ರೋಗಿಗಳಿಗೆ ಮುಟ್ಟಿದವೇ, ಮುಟ್ಟಿದ್ದನ್ನು ಅವರು ನುಂಗಿದರೇ ಎಂದು ಊರೂರು ತಿರುಗಿ ನೋಡಿ ಕಾರ್ಡಿನಲ್ಲಿ ಬರೆಯಬೇಕಿತ್ತು. ಕಫದ ಡಬ್ಬಿಗಳನ್ನು ಬೈಕಿಗೆ ಕಟ್ಟಿಕೊಂಡು ಓಡಾಡುತ್ತಿದ್ದ ಕಾರಣಕ್ಕೆ ಸಹೋದ್ಯೋಗಿಗಳಲ್ಲಿ ಕೆಲವರು ನನ್ನನ್ನು ‘ಉಗುಳಿನ ಸಾಹೇಬ’ ಎಂದು ಕರೆಯುತ್ತಿದ್ದರು. ಹಾಗೆ ಕರೆದ ನಾಲ್ವರ ಹೆಸರೂ ನನಗೆ ನೆನಪಿದೆ. ಇಲ್ಲಿ ಬರೆಯುವುದಿಲ್ಲ.

ಆ ವರ್ಷದ ಜೂನ್ ಕೊನೆಯಲ್ಲಿ ಸಗರ ಗ್ರಾಮದ ನೀಲಮ್ಮನ ಕಾರ್ಡು ತೆರೆದೆ. ವಯಸ್ಸು ಇಪ್ಪತ್ತಾರು, ಏಳನೆಯ ತರಗತಿಯವರೆಗೆ ಓದು, ಎರಡು ವರ್ಷದ ಒಬ್ಬಳು ಮಗಳು. ಗಂಡ ಯಾದಗಿರಿಯಲ್ಲಿ ದವಸ ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮನೆಯ ಯಜಮಾನಿಕೆ ಮಾವ ಬಸಲಿಂಗಪ್ಪನವರದು. ಅವರು ಕಿರಾಣಿ ಅಂಗಡಿ ನಡೆಸುತ್ತಿದ್ದರು, ಶ್ರಾವಣದಲ್ಲಿ ಪುರಾಣ ಹೇಳುತ್ತಿದ್ದರು. ಊರು ಅವರ ಮಾತಿಗೆ ಬೆಲೆ ಕೊಡುತ್ತಿತ್ತು. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಕಂಡ ದಿನವೇ ಮಗುವನ್ನು ನೀಲಮ್ಮನ ತವರಿಗೆ ಕಳುಹಿಸಿದ್ದರು.

ಆಗಿನ ಚಿಕಿತ್ಸೆ ಆರು ತಿಂಗಳದು. ಮೊದಲ ಎರಡು ತಿಂಗಳು ವಾರಕ್ಕೆ ಮೂರು ಸಲ ಆಶಾ ಕಾರ್ಯಕರ್ತೆಯ ಕಣ್ಣೆದುರೇ ನುಂಗಬೇಕು. ಉಳಿದ ನಾಲ್ಕು ತಿಂಗಳು ವಾರಕ್ಕೊಂದು ಸಲ ಕಣ್ಣೆದುರು, ಎರಡು ಸಲ ಮನೆಯಲ್ಲಿ. ನುಂಗಿ ಬರಿದಾದ ಗುಳಿಗೆಯ ಪಟ್ಟಿಯನ್ನು ಮರಳಿಸಬೇಕು. ಒಂದು ಸಲದ ಔಷಧದಲ್ಲಿ ಮುಖ್ಯವಾದವು ಐಸೋನಿಯಜಿಡ್ ಎಂಬ ಬಿಳಿ ಗುಳಿಗೆಗಳು ಮತ್ತು ರಿಫಾಂಪಿಸಿನ್ ಎಂಬ ಕೆಂಪು ಕ್ಯಾಪ್ಸೂಲು. ಇಡೀ ಚಿಕಿತ್ಸೆ ನಿಂತಿರುವುದೇ ಈ ಕ್ಯಾಪ್ಸೂಲಿನ ಮೇಲೆ. ನುಂಗಿದ ದಿನ ಮೂತ್ರ ಕೆಂಪಾಗುವುದು ಅದರ ಗುರುತು.

ಆಗಸ್ಟ್ ಕೊನೆಗೆ ನೀಲಮ್ಮನ ಕಫ ಶುದ್ಧವಾಗಿತ್ತು. ವರದಿ ಹೇಳಲು ನಾನೇ ಹೋದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ:

“ಇನ್ನ ಮಗಳ್ನ ಕರ್ಕೊಂಡ್ ಬರ್ಲೇನ್ರಿ ಸರ್?”

“ಕರ್ಕೊಂಡ್ ಬರ್ರಿ. ಆದ್ರ ನಾಕ್ ತಿಂಗಳ ಗುಳಿಗಿ ತಪ್ಪಸಬ್ಯಾಡ್ರಿ.”

ಹೊರಗೆ ಕಟ್ಟೆಯ ಮೇಲೆ ಬಸಲಿಂಗಪ್ಪನವರು ನಾಲ್ವರ ಜೊತೆ ಕುಳಿತಿದ್ದರು. ಚಹಾ ಬಂತು. ಅವರೆಲ್ಲರಿಗೂ ಸ್ಟೀಲಿನ ಲೋಟ, ನನಗೆ ಪ್ಲಾಸ್ಟಿಕ್ಕಿನದು. ಕಫದ ಡಬ್ಬಿ ಮುಟ್ಟುವವನೆಂದೋ, ಭೀಮಾ ದಂಡೆಯ ಮೀನು ಹಿಡಿಯುವ ಮನೆತನದವನೆಂದೋ ನಾನು ಕೇಳಲಿಲ್ಲ, ಕುಡಿದೆ. ಔಷಧವನ್ನು ಅರ್ಧಕ್ಕೆ ಬಿಟ್ಟರೆ ರೋಗಾಣುಗಳು ಬದಲಾಗುತ್ತವೆ, ಮುಂದೆ ಯಾವ ಔಷಧಕ್ಕೂ ಬಗ್ಗುವುದಿಲ್ಲ ಎಂದು ವಿವರಿಸಿದೆ.

“ಬದಲಾಗ್ತಾವಂದ್ರ ಏನ್ರಿ?” ಎಂದರು ಬಸಲಿಂಗಪ್ಪ. “ದೇವ್ರು ಹುಟ್ಸಿದಂಗ ಇರ್ತೈತಿ ಜೀವ. ಇರಬಿ ಇರಬಿನ, ಆನಿ ಆನಿನ.”

“ಇಲ್ರೀ, ಎಲ್ಲಾ ಜೀವಾನೂ ಬದಲಾಗ್ತಾವ. ಮನಷ್ಯಾನೂ ಹಂಗ ಬಂದಾನ. ಭಾಳ ಹಿಂದ ಹೋದ್ರ ನಮ್ಮೆಲ್ಲಾರ ಮೂಲ ನೀರಾಗಿನ ಮೀನ.”

ಅವರು ಜೊತೆಗಿದ್ದವರ ಮುಖವನ್ನೊಮ್ಮೆ ನೋಡಿಕೊಂಡರು.

“ಸಾಹೇಬ್ರ, ನೀವು ಹೊಳಿದಂಡಿ ಮಂದಿ. ಮೀನ ನಮ್ಮ ಮೂಲಂದ್ರ, ನಿಮ್ಮಾವ್ರು ದಿನಾ ಮುಂಜಾನಿ ಅಜ್ಜನ್ನ ಹಿಡದು ಸಂತ್ಯಾಗ ಮಾರ್ತಾರೇನ್ರಿ?”

“ಅದೂ ಕಿಲೋ ಲೆಕ್ಕದಾಗ,” ಎಂದ ಇನ್ನೊಬ್ಬ. ಕಟ್ಟೆಯೆಲ್ಲ ನಕ್ಕಿತು.

ನನ್ನ ತಂದೆ ನಲವತ್ತು ವರ್ಷ ಆ ಹೊಳೆಯಲ್ಲಿ ಬಲೆ ಬೀಸಿ ನನ್ನನ್ನು ಓದಿಸಿದವರು. ನಾನು ಲೋಟ ಕೆಳಗಿಟ್ಟೆ.

“ಬಸಲಿಂಗಪ್ಪಾರ, ನಿಮ್ಮ ಸೊಸಿ ಎರಡು ತಿಂಗಳಿಂದ ಕೆಂಪು ಕ್ಯಾಪ್ಸೂಲ ನುಂಗಾಕತ್ತಾರಲ್ಲ, ಅದರ ಸಿಪ್ಪಿ ಎದ್ರಿಂದ ಮಾಡ್ತಾರ ಗೊತ್ತೈತೇನ್ರಿ? ದನದ ಎಲಬಿನಿಂದ. ಆಕಿನ್ನ ಉಳಿಸಿದ್ದು ಅದ. ನಿಮ್ಮ ಪುರಾಣಲ್ಲ.”

ನಗು ನಿಂತಿತು. ಬಸಲಿಂಗಪ್ಪನವರು ಎದ್ದು ಅಂಗಡಿಯೊಳಗೆ ಹೋದರು. ಲೋಟ ಒಯ್ಯಲು ಬಂದಿದ್ದ ನೀಲಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ನನ್ನ ಕಣ್ಣು ಅವಳ ಮಾವನ ಮುಖದ ಮೇಲಿತ್ತು. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಂಥ ಸಿಪ್ಪೆಗಳನ್ನು ಮಾಡುವ ಜೆಲಟಿನ್ ಬಹುಪಾಲು ಎಲುಬು, ಚರ್ಮಗಳಿಂದಲೇ ಬರುತ್ತದೆ. ಭೀಮರಾಯನಗುಡಿಯ ಬಾಡಿಗೆ ಮನೆ ತಲುಪುವವರೆಗೂ ಗೆದ್ದ ಹಿಗ್ಗು ಇಳಿದಿರಲಿಲ್ಲ.

ಮುಂದಿನ ಮೂರು ತಿಂಗಳು ಬರಿದಾದ ಪಟ್ಟಿಗಳು ತಪ್ಪದೆ ಮರಳಿ ಬಂದವು. ಪ್ರತಿಯೊಂದನ್ನೂ ಎಣಿಸಿ ನಾನೇ ಗುರುತು ಹಾಕಿದೆ. ಮೂತ್ರ ಕೆಂಪಾಗುತ್ತದೆಯೇ ಎಂದು ಆಶಾ ಕಾರ್ಯಕರ್ತೆ ಕೇಳಿದಾಗ “ಆಗ್ತದ್ರಿ” ಎಂದಳಂತೆ. ಅದನ್ನೂ ಬರೆದೆ. ಆ ಅವಧಿಯಲ್ಲಿ ನನ್ನ ಕೈಯಲ್ಲಿದ್ದ ಕಾರ್ಡುಗಳಲ್ಲಿ ಅದರಷ್ಟು ಅಚ್ಚುಕಟ್ಟಾದದ್ದು ಬೇರೊಂದಿರಲಿಲ್ಲ.

ನವೆಂಬರ್ ಕೊನೆಯ ಪರೀಕ್ಷೆಯಲ್ಲಿ ಕಫ ಮತ್ತೆ ಪಾಸಿಟಿವ್ ಬಂತು. ಸೂಕ್ಷ್ಮದರ್ಶಕದಲ್ಲಿ ನಾನೂ ಕಣ್ಣಿಟ್ಟು ನೋಡಿದೆ. ಮೊದಲಿಗಿಂತ ಹೆಚ್ಚಿದ್ದವು. ಸಗರಕ್ಕೆ ಹೋಗಿ, ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ ನೀಲಮ್ಮನನ್ನು ಕೇಳಿದೆ.

“ಗುಳಿಗಿ ಎಲ್ಲಾ ತಗೊಂಡೇನ್ರಿ ಸರ್,” ಎಂದಳು. “ಮನ್ಯಾಗ ತಗೊಳಾದು ಕೆಂಪುದಷ್ಟ ಬಿಟ್ಟೇನಿ.”

ಒಳಗಿನಿಂದ ಒಂದು ಡಬ್ಬಿ ತಂದುಕೊಟ್ಟಳು. ಅದರಲ್ಲಿ ಇಪ್ಪತ್ತನಾಲ್ಕು ಕ್ಯಾಪ್ಸೂಲುಗಳಿದ್ದವು. ವಾರಕ್ಕೆರಡರಂತೆ ಹನ್ನೆರಡು ವಾರ, ಲೆಕ್ಕ ಸರಿಯಾಗಿತ್ತು.

“ಸರಕಾರದ ಮಾಲು, ಒಗೀಬಾರ್ದಂತ ಇಟ್ಟೇನ್ರಿ. ಕೊಳ್ಳಾಗ ಲಿಂಗ ಕಟ್ಕೊಂಡೇನಿ. ಲಿಂಗಕ್ಕ ತೋರಸ್ದ ನೀರೂ ಕುಡಿಯಾಂಗಿಲ್ಲ ನಾ. ಎಲಬು ಹೆಂಗ ನುಂಗ್ಲಿ? ಆಶಾ ಅಕ್ಕಾರ ಮುಂದ ವಾರಕ್ಕೊಂದು ನುಂಗಿದ್ ದಿನ ತೆಲಿಗಿ ಎರಕೊಂಡು ಉಪಾಸ ಇರತಿದ್ನಿ.”

“ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ರ ಔಷಧ ಬಂದ್ ಮಾಡಿ, ಮಗಳ್ನ ತಿರಗ ಕಳಸ್ತೀರಂತ ಅಂಜಿದ್ನಿ.”

ಮಗುವನ್ನು ಅಂದೇ ತವರಿಗೆ ಕಳುಹಿಸಬೇಕಾಯಿತು. ಅದು ಅವಳ ಸೆರಗು ಹಿಡಿದು ಬಿಡಲಿಲ್ಲ. ಬೆರಳು ಬಿಡಿಸಿದವರು ಬಸಲಿಂಗಪ್ಪನವರು.

ಕಫದ ಮಾದರಿ ದೂರದ ಪ್ರಯೋಗಾಲಯಕ್ಕೆ ಹೋಯಿತು. ಐಸೋನಿಯಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ರೋಗಾಣು ಬಗ್ಗುತ್ತಿಲ್ಲವೆಂದು ವರದಿ ಬಂತು. ನಡೆದದ್ದು ಇಷ್ಟು: ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಹುಟ್ಟಿನಿಂದಲೇ ತುಸು ಬೇರೆಯಾದ ಕೆಲವು ಇರುತ್ತವೆ. ಔಷಧ ಪೂರ್ತಿಯಾಗಿ ಬಿದ್ದರೆ ಅವೂ ಸಾಯುತ್ತವೆ. ಅರೆಬರೆ ಬಿದ್ದರೆ ದುರ್ಬಲವಾದವು ಸತ್ತು, ತಡೆದುಕೊಂಡವು ಉಳಿದು, ಅವುಗಳ ಸಂತತಿಯೇ ಶ್ವಾಸಕೋಶ ತುಂಬುತ್ತದೆ. ಜೀವವಿಕಾಸವೆಂದರೆ ಇದೇ. ಕಟ್ಟೆಯ ಮೇಲೆ ನಾನು ಕೋಟ್ಯಂತರ ವರ್ಷಗಳ ಹಿಂದಕ್ಕೆ ಹೋಗಿ ಹೇಳಹೊರಟಿದ್ದು ಅವಳ ಎದೆಯೊಳಗೆ ಮೂರು ತಿಂಗಳಲ್ಲಿ ನಡೆದುಹೋಗಿತ್ತು.

ವರದಿ ಕೇಳಲು ಬಸಲಿಂಗಪ್ಪನವರು ಕಚೇರಿಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ನೀವಂದದ್ದ ಖರೆ ಆತಲ್ರಿ ಸಾಹೇಬ್ರ. ಬದಲಾಗ್ತಾವ ಅಂದಿದ್ರಿ. ಬದಲಾದ್ವು.”

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನಾನು ಉತ್ತರ ಕೊಡುತ್ತಿದ್ದೆ.

ಹೊಸ ಚಿಕಿತ್ಸೆ ಎರಡು ವರ್ಷದ್ದು. ತಿಂಗಳುಗಟ್ಟಲೆ ದಿನವೂ ಇಂಜೆಕ್ಷನ್, ಒಂದು ಹಿಡಿ ಗುಳಿಗೆ, ಅವುಗಳ ನಡುವೆ ಮತ್ತೆ ಒಂದು ಬಗೆಯ ಕ್ಯಾಪ್ಸೂಲು. ಅದನ್ನು ಕಂಡು ನಾನು ವೈದ್ಯರ ಮೇಜಿಗೆ ಹೋಗಿ, ಸಿಪ್ಪೆ ಬಿಚ್ಚಿ ಒಳಗಿನ ಪುಡಿಯನ್ನಷ್ಟೇ ಕೊಡಬಹುದೇ ಎಂದು ಕೇಳಿದೆ.

“ಕೊಡಬಹುದು,” ಎಂದರು, ಬರೆಯುತ್ತಿದ್ದುದರಿಂದ ತಲೆಯೆತ್ತದೆ.

“ಆ ಕೆಂಪು ಕ್ಯಾಪ್ಸೂಲನ್ನು?”

“ಅದನ್ನೂ ಕೊಡಬಹುದಿತ್ತು. ಯಾರೂ ಕೇಳಲಿಲ್ಲವಲ್ಲ.”

ಇಷ್ಟು ಮಾತಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಂದಿನಿಂದ ನೀಲಮ್ಮನಿಗೆ ಸಿಪ್ಪೆ ಬಿಚ್ಚಿ ಪುಡಿಯನ್ನೇ ಕೊಟ್ಟೆವು.

ನಾಲ್ಕನೆಯ ತಿಂಗಳಲ್ಲಿ ನೀಲಮ್ಮನ ಕಿವಿಯಲ್ಲಿ ಗುಂಯ್ ಎಂಬ ಸದ್ದು ಶುರುವಾಯಿತು. ಅದು ಆ ಇಂಜೆಕ್ಷನ್ನಿನ ತಿಳಿದ ಅಡ್ಡಪರಿಣಾಮ. ನಿಲ್ಲಿಸಿದರೆ ಜೀವಕ್ಕೆ, ಮುಂದುವರಿಸಿದರೆ ಕಿವಿಗೆ ಅಪಾಯ. ಬದಲಿಗೆ ಕೊಡಲು ಆಗ ನಮ್ಮಲ್ಲಿ ಬೇರೆ ಔಷಧವಿರಲಿಲ್ಲ. ಏನು ಮಾಡೋಣವೆಂದು ಅವಳನ್ನೇ ಕೇಳಿದೆವು. “ಮಗಳ್ನ ಎತ್ಕೋಬೇಕ್ರಿ,” ಎಂದಳು, ಅಷ್ಟೇ. ಮುಂದುವರಿಸಿದೆವು. ಆರನೆಯ ತಿಂಗಳ ಹೊತ್ತಿಗೆ ಎರಡೂ ಕಿವಿ ಪೂರ್ತಿ ಹೋದವು.

2016ರ ಆರಂಭದಲ್ಲಿ ಅವಳು ಗುಣವಾದಳೆಂದು ಕಾರ್ಡು ಮುಚ್ಚಿದೆ. ಮಗಳು ಮರಳಿ ಬಂದಳು. ತಾಯಿಯನ್ನು ಕರೆಯಬೇಕಾದರೆ ಎದುರಿಗೆ ಬಂದು ಕೈ ಹಿಡಿದು ಜಗ್ಗುವುದನ್ನು ನಾಲ್ಕು ದಿನದಲ್ಲಿ ಕಲಿತಿದ್ದಳು. ಅವರ ಮನೆಗೆ ಹೋದಾಗ, ಹೇಳಬೇಕೆಂದುಕೊಂಡಿದ್ದನ್ನು ಎರಡು ಸಲ ಹೇಳಿದೆ. ನೀಲಮ್ಮ ನನ್ನ ತುಟಿಗಳನ್ನು ನೋಡಿ ತಲೆಯಾಡಿಸಿದಳು.

“ತಿಳೀವಲ್ದ್ರಿ ಸರ್. ಬರದು ತೋರಸ್ರಿ.”

ಕಾರ್ಡಿನ ಹಿಂಬದಿಯಲ್ಲಿ ಬರೆದೆ: ‘ಅಂದು ಎಲುಬಿನ ಆ ಮಾತನ್ನು ನಾನು ನಿಮ್ಮ ಮಾವನವರನ್ನು ಸೋಲಿಸಲು ಆಡಿದೆ. ತಪ್ಪು ನನ್ನದು.’

ಅಕ್ಷರ ಕೂಡಿಸಿ ನಿಧಾನವಾಗಿ ಓದಿದಳು. ತನ್ನ ದನಿ ತನಗೇ ಕೇಳಿಸದವರ ಎತ್ತರದ ದನಿಯಲ್ಲಿ ಹೇಳಿದಳು:

“ನೀವೇನ್ ಸುಳ್ಳ ಹೇಳಿರಲಿಲ್ಲಲ್ರಿ. ಸಿಪ್ಪಿ ತಗದು ಪುಡಿ ತಗೋಬಹುದು ಅನ್ನೂದೊಂದು ಹೇಳಿದ್ರ ಸಾಕಿತ್ತು.”

ಅದು ಅಂದು ನನಗೂ ಗೊತ್ತಿರಲಿಲ್ಲ. ಸಿಪ್ಪೆ ಏತರಿಂದಾದದ್ದೆಂದು ಮಾತ್ರ ಗೊತ್ತಿತ್ತು. ಬಸಲಿಂಗಪ್ಪನವರ ಆ ನಗೆಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಜೀವವಿಕಾಸದ ವಿಷಯದಲ್ಲಿ ಒಂದಕ್ಷರ ಹಿಂದೆ ಸರಿಯುವವನೂ ಅಲ್ಲ. ಆದರೆ ಉಳಿದ ಸೇವಾವಧಿಯಲ್ಲಿ ಪ್ರತಿ ಹೊಸ ಕಾರ್ಡಿನ ಮೇಲೂ, ಅದಕ್ಕೆಂದು ಮುದ್ರಿತ ಜಾಗವಿಲ್ಲದಿದ್ದರೂ, ‘ನುಂಗಲು ಏನಾದರೂ ಅಡ್ಡಿ ಇದೆಯೇ?’ ಎಂದು ಕೈಯಲ್ಲಿ ಬರೆದು, ಉತ್ತರ ಬರುವವರೆಗೆ ಎದುರಿಗೆ ಕೂರುತ್ತಿದ್ದೆ. ವಿಜ್ಞಾನ ತಿಳಿದವನ ಕೆಲಸ ಆ ಪ್ರಶ್ನೆಯಿಂದ ಆರಂಭವಾಗುತ್ತದೆ ಎಂಬುದನ್ನು ನನಗೆ ಕಲಿಸಲು ಒಬ್ಬ ತಾಯಿಯ ಎರಡು ಕಿವಿಗಳು ಬೇಕಾದವು.