ಕಡಲು ದಾಟಿದ ಸುಳಿ

ಮಧುಗಿರಿಯಿಂದ ಶಿರಾಕ್ಕೆ ಹೋಗುವ ದಾರಿಗೆ, ಮೋಟಾರು ಬರುವುದಕ್ಕೆ ಮುಂಚೆ, ತನ್ನದೇ ಒಂದು ವಾಸನೆ ಇತ್ತು. ಬೇಯಿಸಿದ ಹುರುಳಿ, ಹಸಿ ಹುಲ್ಲು, ಬೆವರು ಕುಡಿದ ಚರ್ಮದ ಜೀನು ಎಲ್ಲ ಬೆರೆತ ವಾಸನೆ. ಅದು ಮೂಗಿಗೆ ಬಡಿದರೆ ನಂದೀಶ್ವರಯ್ಯನವರು ಬರುತ್ತಿದ್ದಾರೆಂದು ಜನ ದಾರಿ ಬಿಡುತ್ತಿದ್ದರು. ಬಿಡದೆ ನಿಂತವರಿಗೆ ಅವರು ಕುದುರೆಯ ಮೇಲಿಂದಲೇ ಆಸ್ಟ್ರೇಲಿಯಾದ ವಿಚಾರ ಹೇಳತೊಡಗುತ್ತಿದ್ದರು. ಆದ್ದರಿಂದ ಅನುಭವಸ್ಥರು ಬೇಗ ಬಿಡುತ್ತಿದ್ದರು.

ನಂದೀಶ್ವರಯ್ಯ ಕುದುರೆ ದಲ್ಲಾಳಿ. ಮದರಾಸಿನ ಬಂದರಿಗೆ ಹಡಗಿನಲ್ಲಿ ಬಂದಿಳಿಯುವ ಆಸ್ಟ್ರೇಲಿಯಾ ಕುದುರೆಗಳಲ್ಲಿ ಒಳ್ಳೆಯವನ್ನು ದಂಡಿನವರು ಆರಿಸಿಕೊಳ್ಳುತ್ತಿದ್ದರು. ಬೇಡವೆಂದವು ಬೆಂಗಳೂರಿಗೆ ಬರುತ್ತಿದ್ದವು. ಅಲ್ಲಿಯೂ ಯಾರಿಗೂ ಬೇಡವಾದದ್ದು ನಂದೀಶ್ವರಯ್ಯನವರ ಪಾಲು. ಅವರ ಕೈಗೆ ಬಂದ ಮೇಲೆ ಅದರ ಯೋಗ ತಿರುಗುತ್ತಿತ್ತು. ತುಮಕೂರಿನಲ್ಲಿ ಅದು ದಂಡಿನ ಕುದುರೆ. ಕೊರಟಗೆರೆಯಲ್ಲಿ ಕರ್ನಲ್ ಸಾಹೇಬರು ಹತ್ತಿದ ಕುದುರೆ. ಪಾವಗಡ ಮುಟ್ಟುವಷ್ಟರಲ್ಲಿ, ಅದನ್ನು ಬಿಟ್ಟುಕೊಡುವಾಗ ಸಾಹೇಬರು ಅತ್ತೂ ಇರುತ್ತಿದ್ದರು.

ದರ ಕಟ್ಟುವುದರಲ್ಲಿ ಅವರದು ಬೇರೆಯೇ ಪದ್ಧತಿ. ಸಿಡ್ನಿಯಲ್ಲಿ ಮೇಯ್ದ ಹುಲ್ಲು, ಹಡಗಿನ ಬಾಡಿಗೆ, ದಾರಿಯಲ್ಲಿ ಕುಡಿದ ಸಿಹಿನೀರು, ಬಿರುಗಾಳಿಗೆ ಹೆದರಿದ್ದಕ್ಕೆ ಒಂದಿಷ್ಟು, ಎಲ್ಲವನ್ನೂ ಸೇರಿಸುತ್ತಿದ್ದರು. ಬಸ್ರಾದ ಅರಬ್ಬಿ ಕುದುರೆಗೆ ಬೊಂಬಾಯಿಯಲ್ಲಿ ಈ ವಾರ ಏನು ದರ ಎಂಬುದನ್ನು ಪಕ್ಕದ ಬೀದಿಯ ಬದನೆಕಾಯಿ ದರದ ಹಾಗೆ ಹೇಳುತ್ತಿದ್ದರು. ಸಮುದ್ರವನ್ನು ಮಾತ್ರ ಅವರು ಕಂಡಿರಲಿಲ್ಲ. ಕಂಡ ದೊಡ್ಡ ನೀರೆಂದರೆ ಶಿರಾದ ಕೆರೆ, ಅದೂ ಕೋಡಿ ಬಿದ್ದ ವರ್ಷ.

ಆ ಕಾಲದಲ್ಲಿ ಕುದುರೆ ಕೊಳ್ಳುವವರು ಹಲ್ಲು ನೋಡುತ್ತಿದ್ದರು, ಗೊರಸು ನೋಡುತ್ತಿದ್ದರು, ಕೊನೆಗೆ ಉಸಿರು ಬಿಗಿಹಿಡಿದು ಸುಳಿ ನೋಡುತ್ತಿದ್ದರು. ಮೈಕೂದಲು ಎಲ್ಲಿ ಸುತ್ತಿಕೊಂಡಿದೆ ಎಂಬುದರ ಮೇಲೆ ಮನೆಯ ಏಳಿಗೆ ನಿಂತಿತ್ತು. ಕಣ್ಣಿನ ಕೆಳಗಿದ್ದರೆ ಅದು ಕಣ್ಣೀರು ಸುಳಿ. ಕೊಂಡ ಮನೆಯವರು ಅಳುವುದು ಖಂಡಿತ. ಆಸ್ಟ್ರೇಲಿಯಾದವರಿಗೆ ಈ ಜ್ಞಾನವಿಲ್ಲ. ಅವರು ಎತ್ತರ ಅಳೆದು, ದರ ಹೇಳಿ, ಹಡಗು ಹತ್ತಿಸಿಬಿಡುತ್ತಿದ್ದರು. ಹೀಗಾಗಿ ಬರುವ ಕುದುರೆಗಳಲ್ಲಿ ಕೆಟ್ಟ ಸುಳಿಯವೇ ಹೆಚ್ಚು. ಇದಕ್ಕೆ ನಂದೀಶ್ವರಯ್ಯ ಒಂದು ಶಾಸ್ತ್ರ ಹುಟ್ಟಿಸಿದರು: ಕಡಲು ದಾಟಿದ ಕುದುರೆಗೆ ಸುಳಿದೋಷವಿಲ್ಲ, ಉಪ್ಪುಗಾಳಿಗೆ ಅದು ಕರಗಿಹೋಗುತ್ತದೆ. ಕಡಲು ದಾಟಿದ ಮನುಷ್ಯನಿಗೆ ಜಾತಿ ಹೋಗುತ್ತದೆ ಎನ್ನುತ್ತಿದ್ದ ದಿನಗಳು ಅವು. ಕುದುರೆಗೆ ದೋಷ ಹೋಗುವುದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಇಷ್ಟಾದರೂ ಮಾರಾಟವಾಗದೆ ಉಳಿದದ್ದು ಸಿಡ್ನಿ ಎಂಬ ಕಂದು ಹೆಣ್ಣುಕುದುರೆ. ಬಲಗಣ್ಣಿನ ಕೆಳಗೆ ಬೀದಿಯ ಆ ಕಡೆಯಿಂದಲೂ ಕಾಣುವಂಥ ಕಣ್ಣೀರು ಸುಳಿ. ಎಡ ಹೆಗಲಿನ ಮೇಲೆ ಆಸ್ಟ್ರೇಲಿಯಾದವರು ಕಬ್ಬಿಣ ಕಾಯಿಸಿ ಒತ್ತಿದ ಎರಡು ಅಕ್ಷರದ ಮುದ್ರೆ. ಆ ಮುದ್ರೆಯನ್ನು ಮುಟ್ಟಿ ನೋಡದವರು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ನಂದೀಶ್ವರಯ್ಯನವರೇ ಕೈ ಹಿಡಿದು ಮುಟ್ಟಿಸುತ್ತಿದ್ದರು. ಮೊದಮೊದಲು ಯಾರೂ ಕೇಳಲಿಲ್ಲ. ಕೇಳುವವರು ಬರುವ ಹೊತ್ತಿಗೆ ನಂದೀಶ್ವರಯ್ಯನವರಿಗೇ ಕೊಡುವ ಮನಸ್ಸಿರಲಿಲ್ಲ.

ಅದಕ್ಕೆ ಕಾರಣ ರಾಯಚರ್ಲು ಬಯಲಿನ ಒಂದು ಮಧ್ಯಾಹ್ನ. ಜ್ವರ ಏರಿ ಜೀನಿನಿಂದ ಜಾರಿ ಬಿದ್ದಿದ್ದರು. ಸುತ್ತ ಒಂದು ಮರವಿಲ್ಲ. ಗಾಡಿಯವರು ಬಂದು ಎತ್ತುವ ತನಕ ಸಿಡ್ನಿ ಅವರ ಮುಖಕ್ಕೆ ತನ್ನ ನೆರಳು ಬೀಳುವ ಹಾಗೆ ನಿಂತಿತ್ತು. ಬಿಸಿಲು ಸರಿದಂತೆ ತಾನೂ ಸರಿಯುತ್ತಿತ್ತಂತೆ. ಪ್ರಜ್ಞೆಯಿಲ್ಲದೆ ಬಿದ್ದವರಿಗೆ ಅದು ಹೇಗೆ ತಿಳಿಯಿತೆಂದು ಯಾರೂ ಕೇಳಲಿಲ್ಲ. ನೆರಳಂತೂ ನಿಜ, ಗಾಡಿಯವರೇ ಕಂಡಿದ್ದರು.

ಹೊಳವನಹಳ್ಳಿಯ ಮಗಳಾದ ಅವರ ಹೆಂಡತಿ ಶಿವರುದ್ರಮ್ಮ ಆ ಕುದುರೆಯನ್ನು ಸಿದ್ದವ್ವ ಎಂದೇ ಕರೆಯುತ್ತಿದ್ದರು.

"ಅದು ಸಿಡ್ನಿ ಕಣೇ, ದೊಡ್ಡ ಪಟ್ಟಣದ ಹೆಸ್ರು!"

"ಯಾವ ಪಟ್ನನಾರ ಆಗ್ಲಿ. ದಿನಾ ಲದ್ದಿ ಬಾಚೋಳು ನಾನು. ಹೆಂಗಾರ ಕರಕೊತೀನಿ ಬುಡಿ."

ಕೊಡುವ ಮನಸ್ಸಿಲ್ಲದಿದ್ದರೂ, ಮಾರುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದು ದಲ್ಲಾಳಿಗೆ ಅವಮಾನ. ಅದಕ್ಕೇ ವಾರಕ್ಕೊಮ್ಮೆ ಶಿರಾದ ಕೋಟೆ ಬಾಗಿಲ ಹುಣಿಸೆಮರದಡಿ ಸಿಡ್ನಿಯನ್ನು ಕಟ್ಟಿ, ಕೇಳಿದವರ ಜೊತೆ ವ್ಯಾಪಾರಕ್ಕೆ ಕೂರುತ್ತಿದ್ದರು. ದರ ಬಾಯಲ್ಲಿ ಆಡುವಂತಿಲ್ಲ. ಹೆಗಲ ವಲ್ಲಿಯನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರೊಳಗೆ ಬೆರಳು ಒತ್ತಿ ತಿಳಿಸಬೇಕು. ನಂದೀಶ್ವರಯ್ಯ ಎಷ್ಟು ಬೆರಳು ಒತ್ತುತ್ತಿದ್ದರೆಂದರೆ ಎದುರಿನವನು ಚೇಳು ಕಡಿದಂತೆ ಕೈ ಎಳೆದುಕೊಳ್ಳುತ್ತಿದ್ದ. ಅವರು ಮೀಸೆ ತಿರುವಿ, "ಇವತ್ತೂ ಕೇಳಿದ್ರು, ಕೊಡ್ಲಿಲ್ಲ" ಎಂದು ಮನೆಗೆ ಬರುತ್ತಿದ್ದರು.

ವಲ್ಲಿಯ ಒಳಗಿನ ಕಟ್ಟಳೆ ಮಾತ್ರ ಕಟ್ಟುನಿಟ್ಟು. ಒತ್ತಿದ ಬೆರಳನ್ನು ಕೊಳ್ಳುವವನು ಗಟ್ಟಿಯಾಗಿ ಹಿಡಿದನೆಂದರೆ ಒಪ್ಪಿದ ಹಾಗೆ. ಆಮೇಲೆ ಮಾರುವವನು ಹಿಂದೆ ಸರಿಯುವಂತಿಲ್ಲ, ಸರಿದವನ ವಲ್ಲಿಯೊಳಗೆ ಮತ್ತೆ ಯಾರೂ ಕೈ ಇಡುವುದಿಲ್ಲ. ಕೊಳ್ಳುವವನಿಗೆ ಮಾತ್ರ, ಹಗ್ಗ ಕೈ ಸೇರುವ ತನಕ, ಸುಳಿ ಸರಿಯಿಲ್ಲವೆಂದು ಬಿಟ್ಟು ಹೋಗುವ ಸ್ವಾತಂತ್ರ್ಯ.

ಹೀಗಿರುವಾಗ ಎರಡನೆಯ ಮಹಾಯುದ್ಧ ಬಂತು. ಹಡಗುಗಳು ಕುದುರೆ ತರುವುದನ್ನು ಬಿಟ್ಟವು. ಪೆಟ್ರೋಲು ಕಣ್ಮರೆಯಾಯಿತು. ವೈ.ಎನ್.ಹೊಸಕೋಟೆಯ ಕಡಲೆಕಾಯಿ ಸಾಹುಕಾರ ಶಂಕರಲಿಂಗಪ್ಪನವರ ಮೋಟಾರಿನಲ್ಲಿ ಕೋಳಿಗಳು ಮೊಟ್ಟೆಯಿಡತೊಡಗಿದವು. ಇನ್ನು ಸಾರೋಟೇ ಗತಿಯೆಂದು ಕುದುರೆ ಹುಡುಕುತ್ತ ಅವರು ಶಿರಾಕ್ಕೆ ಬಂದು ವಲ್ಲಿಯೊಳಗೆ ಕೈ ಇಟ್ಟರು.

ನಂದೀಶ್ವರಯ್ಯ ಎಂದಿನಂತೆ ಆಕಾಶಕ್ಕೇ ಬೆರಳು ಒತ್ತಿದರು. ಒಳಗಿನ ಕೈ ಓಡಿಹೋಗಲಿಲ್ಲ. ಗಟ್ಟಿಯಾಗಿ ಹಿಡಿಯಿತು.

"ಸರೇ, ಒಪ್ದೆ," ಎಂದರು ಶಂಕರಲಿಂಗಪ್ಪ, ತಮ್ಮ ಕಡೆಯ ತೆಲುಗು ಬೆರೆಸಿ.

"ಏನು ಒಪ್ಪಿದ್ರಿ?"

"ನೀವು ಒತ್ತಿದ ದರಾನೇ ಅಂಡಿ. ಬೆಂಗ್ಳೂರಾಗೆ ಇನ್ನೂ ಜಾಸ್ತಿ ಕೇಳ್ತಾರೆ. ಹಡಗು ನಿಂತೋಯ್ತಲ್ಲ!"

ಸಿಡ್ನಿ, ಬಸ್ರಾ, ಬೊಂಬಾಯಿಯ ದರಗಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ನಂದೀಶ್ವರಯ್ಯ, ಶಿರಾದ ಹುಣಿಸೆಮರದ ಕೆಳಗೆ ದರ ಏರಿ ತಮ್ಮ ತಲೆಯ ಮೇಲೆ ಹಾದುಹೋದದ್ದನ್ನು ನೋಡಿರಲಿಲ್ಲ.

"ಯಾಕ್ರೀ ಅಯ್ನೋರೇ, ಮಕ ಇಂಗಾಯ್ತು?" ಎಂದ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಜಟಕಾ ರಂಗಯ್ಯ. "ಕೇಳಿದ್ದು ಸಿಕ್ತು, ನಗ್ರೀ ಒಸಿ!"

ನಂದೀಶ್ವರಯ್ಯ ಹಗ್ಗವನ್ನು ಕೈಗೆ ಸುತ್ತಿಕೊಂಡರು. "ಸಾಹುಕಾರ್ರೇ, ಸುಳಿ ನೋಡಿದ್ರಾ? ಕಣ್ಣೀರು ಸುಳಿ ಅದೆ."

"ನೋಡ್ದೆ. ಕಡ್ಲು ದಾಟಿದ್ದಕ್ಕೆ ದೋಷ ಇಲ್ಲ ಅಂತ ನಮ್ಮ ತಂದೆಗೆ ನೀವೇ ಹೇಳಿದ್ರಲ್ಲ? ಆ ಮಾತು ನಂಬಿ ನಿಮ್ಮ ಕೈಲೇ ಮೂರು ಕುದುರೆ ಕಟ್ಟಿದ್ವಿ. ಏಮೀ ಕಾಲೇದು, ಏನೂ ಆಗ್ಲಿಲ್ಲ. ದೊಡ್ಡ ಮಾತು ನಿಮ್ಮದು."

ಶಾಸ್ತ್ರವೇ ಸುಳ್ಳೆಂದರೆ, ಇಷ್ಟು ವರ್ಷಗಳಲ್ಲಿ ಯಾರ ಮನೆಯಲ್ಲಿ ಎಮ್ಮೆ ಸತ್ತಿದ್ದರೂ ಆ ಲೆಕ್ಕ ಅವರ ಬಾಗಿಲಿಗೆ ಬರುತ್ತಿತ್ತು. ನಿಜವೆಂದರೆ ಸಿಡ್ನಿ ಹೊಸಕೋಟೆಗೆ ಹೋಗುತ್ತಿತ್ತು. ಅದು ಆಗಲೇ ನಾಚಿಕೆಯಿಲ್ಲದೆ ಸಾಹುಕಾರರ ಕೋಟಿನ ಜೇಬಿಗೆ ಮೂತಿ ಹಾಕಿ ಕಡಲೆಕಾಯಿ ಮೆಲ್ಲುತ್ತಿತ್ತು. ಬಿಸಿಲು ಮರದ ಸಂದಿಯಿಂದ ಇಳಿದು, ಸಿಡ್ನಿಯ ನೆರಳು ನಂದೀಶ್ವರಯ್ಯನವರ ಕಾಲ ಮೇಲೆ ಬಿದ್ದಿತ್ತು.

"ಕಡಲು ದಾಟಿದ್ರೆ ತಾನೇ," ಎಂದರು ಅವರು ಮೆಲ್ಲಗೆ.

"ಏನಂದ್ರಿ?"

"ಇದು ಕಡಲು ದಾಟಿಲ್ಲ. ಇಲ್ಲೇ ಹುಟ್ಟಿದ್ದು."

"ಇಲ್ಲೇ ಅಂದ್ರೆ ಎಲ್ಲಿ?"

ಜಗತ್ತಿನ ಬಂದರುಗಳೆಲ್ಲ ಗೊತ್ತಿದ್ದ ಆ ಬಾಯಿಗೆ ಆ ಗಳಿಗೆಯಲ್ಲಿ ಸಿಕ್ಕಿದ್ದು ಒಂದೇ ಹೆಸರು. "ಹೊಳವನಹಳ್ಳಿ."

"ಲೇ, ಕೇಳಿದ್ರೇನ್ರಲಾ!" ರಂಗಯ್ಯನ ಬೀಡಿ ಕೆಳಗೆ ಬಿತ್ತು. "ಆಸ್ಟ್ರೇಲಿಯಾ ಹೊಳವನಳ್ಳಿ ತಾವೇ ಐತಂತೆ! ಹೆಗಲ ಮ್ಯಾಗ್ಳ ಮುದ್ರೆ ಏನ್ರೀ ಮತ್ತೆ?"

"ಕುಲುಮೆ ಹತ್ರ ಕಟ್ಟಿದ್ದೆ. ಸುಟ್ಕೊಂತು."

"ಎರಡು ಇಂಗ್ಲೀಸು ಅಕ್ಷರ ಬರೋ ಅಂಗೆ ಸುಟ್ಕೊಂತಾ?"

"ಒಂದೊಂದ್ಸಲ ಅಂಗೂ ಆಗ್ತದೆ ಕಣ್ಲಾ!"

ಶಂಕರಲಿಂಗಪ್ಪ ಒಮ್ಮೆ ಮುದ್ರೆಯನ್ನು ನೋಡಿದರು, ಒಮ್ಮೆ ಹಗ್ಗ ಸುತ್ತಿಕೊಂಡು ಬೆಳ್ಳಗಾಗಿದ್ದ ಮುದುಕರ ಮುಷ್ಟಿಯನ್ನು ನೋಡಿದರು. "ಇಲ್ಲಿ ಹುಟ್ಟಿದ್ದಾದ್ರೆ ವದ್ದು, ಬೇಡ ಸ್ವಾಮಿ," ಎಂದರು. "ಕಣ್ಣೀರು ಸುಳೀನ ನಮ್ಮಮ್ಮ ಬಾಗ್ಲಿಗೆ ಸೇರ್ಸಲ್ಲ." ಜೇಬಿನಲ್ಲಿ ಉಳಿದಿದ್ದ ಕಡಲೆಕಾಯನ್ನು ಕುದುರೆಯ ಬಾಯಿಗೆ ಸುರಿದು ಹೊರಟುಹೋದರು.

ನಂದೀಶ್ವರಯ್ಯ ಅಂದು ಕುದುರೆ ಹತ್ತಲಿಲ್ಲ. ಸಿಡ್ನಿಯ ಪಕ್ಕದಲ್ಲಿ ನಡೆದುಕೊಂಡೇ ಮಧುಗಿರಿ ಸೇರಿದರು. ರಂಗಯ್ಯನ ಜಟಕಾ ಅವರಿಗಿಂತ ಮುಂಚೆ ತಲುಪಿತ್ತು. ಬೀದಿಯ ತುದಿಯಲ್ಲೇ ಯಾರೋ "ಏನಂತೆ ಹೊಳವನಳ್ಳಿ ಹಡಗಿನ ದರ?" ಎಂದು ಕೂಗಿದರು. ದಾರಿ ಯಾರೂ ಬಿಡಲಿಲ್ಲ.

ಶಿವರುದ್ರಮ್ಮ ಹುರುಳಿಯ ಬೋಗುಣಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ನಮ್ಮೂರೋಳಂತೆ?"

"ಹೂಂ."

"ಅಂಗನ್ನಿ ಮತ್ತೆ. ತವರುಮನೆ ಕಡೇಳು ಅಂತ ಗೊತ್ತಿದ್ರೆ ಇನ್ನೊಂದಿಡಿ ಹುರುಳಿ ಹಾಕ್ತಿದ್ನಲ್ಲ ಇಷ್ಟ್ ದಿನ."

ಆಮೇಲೆಯೂ ನಂದೀಶ್ವರಯ್ಯ ಸಿಡ್ನಿಯನ್ನೇರಿ ಶಿರಾ ದಾರಿಯಲ್ಲಿ ಬಹಳ ಕಾಲ ಓಡಾಡಿದರು. ಬಸ್ರಾದ ದರ ಹೇಳುವುದನ್ನು ಬಿಟ್ಟಿದ್ದರು. ಅವರು ಜೀವಮಾನದಲ್ಲಿ ಹೇಳಿದ್ದರಲ್ಲಿ ಪೂರ್ತಿ ನಿಜವಾಗಿದ್ದದ್ದು ಆ ಹೆಗಲ ಮುದ್ರೆಯೊಂದೇ. ಊರು ಹತ್ತಿರವಾದಾಗ ತಮ್ಮ ಹೆಗಲ ವಲ್ಲಿಯನ್ನು ತೆಗೆದು ಆ ಮುದ್ರೆಯನ್ನು ಮುಚ್ಚುತ್ತಿದ್ದರು. ಯಾಕೆಂದು ಕೇಳಿದವರಿಗೆ, "ಬಿಸಿಲು ಕಣಪ್ಪ," ಎನ್ನುತ್ತಿದ್ದರು, "ನೆರಳು ಬೇಕಲ್ಲ ಅದಕ್ಕೂ."